ಹುಣಸೆ ಬೀಜ, ಲೋಟ ಮತ್ತು ‘ಚಾನ್ಸ್ ಎಷ್ಟು?’: ಆರು, ಏಳು, ಎಂಟನೇ ಕ್ಲಾಸಿಗೆ ಸಂಭವನೀಯತೆ ಹೇಗೆ ಕಲಿಸುತ್ತೀರಿ?

ಚಿಂತಾಮಣಿ ಕಡೆ ಗಣಿತ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಚಿಂತಾಮಣಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಸಂಭವನೀಯತೆಯನ್ನು ಆಟ ಆಡಿಸಿ ಕಲಿಸಿದವರು ಇಲ್ಲಿದ್ದರೆ ನಿಮ್ಮ ಅನುಭವ ಬೇಕು. ಮೊದಲು ನನ್ನದು ಹೇಳಿಬಿಡುತ್ತೇನೆ.

ಹೋದ ವರ್ಷ ಈ ಪಾಠವನ್ನು ಒಂದೇ ಪೀರಿಯಡ್‌ನಲ್ಲಿ ಮುಗಿಸಿದ್ದೆ. ನಾಣ್ಯ ಚಿಮ್ಮಿದರೆ ಹೆಡ್ ಬೀಳುವುದು 1/2, ದಾಳ ಉರುಳಿಸಿದರೆ ಆರು ಬೀಳುವುದು 1/6. ಬೋರ್ಡಿನ ಮೇಲೆ ಬರೆದೆ, ಮಕ್ಕಳೂ ಬರೆದುಕೊಂಡರು. ಟೆಸ್ಟಿನಲ್ಲಿ ಎಲ್ಲರಿಗೂ ಒಳ್ಳೆ ಅಂಕ. ಅದೇ ವಾರ ಊಟದ ಬಿಡುವಿನಲ್ಲಿ ಹೆಣ್ಣುಮಕ್ಕಳು ಜಗಲಿ ಮೇಲೆ ಚೌಕಾಬಾರ ಆಡುತ್ತಿದ್ದರು. ನಮ್ಮ ಕಡೆ ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು ಜಾಸ್ತಿ, ಅವರು ಅಷ್ಟಾಚೆಮ್ಮ ಅನ್ನುತ್ತಾರೆ. ಟೆಸ್ಟಿನಲ್ಲಿ ಪೂರ್ತಿ ಅಂಕ ತೆಗೆದಿದ್ದ ಹುಡುಗಿ ಬೀಜ ಕೈಯಲ್ಲಿ ಹಿಡಿದು ಗೆಳತಿಗೆ ಹೇಳುತ್ತಿದ್ದಳು: “ನಾಲ್ಕು ಸಲದಿಂದ ಒಂದೇ ಒಂದು ಬೀಳ್ತಿದೆ, ಈಗ ಎಂಟು ಬಿದ್ದೇ ಬೀಳುತ್ತೆ ನೋಡು.”

ಅವಳ ಪ್ರಕಾರ ಬೀಜಕ್ಕೆ ಹಿಂದಿನ ನಾಲ್ಕು ಸಲ ಏನು ಬಿತ್ತು ಅನ್ನುವುದು ನೆನಪಿದೆ. ನಾನು ಕಲಿಸಿದ್ದು ಅವಳ ನೋಟ್‌ಬುಕ್ಕಿನಲ್ಲಿ ಉಳಿಯಿತು, ಕೈಗೆ ಬರಲಿಲ್ಲ.

ಅದಕ್ಕೆ ಈ ವರ್ಷ ಪುಸ್ತಕ ಪಕ್ಕಕ್ಕಿಟ್ಟು ಚೌಕಾಬಾರದಿಂದಲೇ ಶುರು ಮಾಡಿದೆ. ನಾಲ್ಕು ಹುಣಸೆ ಬೀಜ, ಒಂದು ಕಡೆ ಉಜ್ಜಿ ಬಿಳಿ ಮಾಡಿದ್ದು. ಎಷ್ಟು ಬೀಜ ಬಿಳಿ ಮೇಲಾಗಿ ಬೀಳುತ್ತವೋ ಅಷ್ಟು ಮನೆ. ನಾಲ್ಕೂ ಕಪ್ಪಾದರೆ ಎಂಟು. ಎಸೆಯುವ ಮುಂಚೆ ಒಂದು ಪ್ರಶ್ನೆ ಕೇಳಿದೆ: “ಯಾವುದು ಜಾಸ್ತಿ ಬೀಳುತ್ತೆ? ಎಂಟು ಯಾಕೆ ಅಷ್ಟು ದೊಡ್ಡ ಮನೆ?” ಪ್ರತಿಯೊಬ್ಬರೂ ಉತ್ತರ ಬರೆದು ಮಡಚಿ ನನ್ನ ಕೈಗೆ ಕೊಡಬೇಕು. ಇದನ್ನು ಬಿಡಬಾರದು. ಮೊದಲೇ ಬರೆಸದಿದ್ದರೆ ಫಲಿತಾಂಶ ನೋಡಿದ ಮೇಲೆ ಎಲ್ಲರೂ “ನಂಗೆ ಮೊದಲೇ ಗೊತ್ತಿತ್ತು ಸಾರ್” ಅನ್ನುತ್ತಾರೆ.

ಮೊದಲು ಒಂದೇ ಬೀಜ. ಎಂಟು ಗುಂಪು, ಗುಂಪಿಗೆ ಐವತ್ತು ಸಲ. ಮೊದಲ ಹತ್ತು ಎಸೆತಕ್ಕೆ ಒಂದು ಗುಂಪಿನಲ್ಲಿ ಬಿಳಿ ಎಂಟು, ಇನ್ನೊಂದರಲ್ಲಿ ಮೂರು. ಗಲಾಟೆಯೋ ಗಲಾಟೆ, “ನಿಮ್ಮ ಬೀಜ ಸರಿ ಇಲ್ಲ” ಅಂತ. ಎಲ್ಲ ಗುಂಪಿನದೂ ಬೋರ್ಡಿನ ಮೇಲೆ ಕೂಡಿಸುತ್ತಾ ಹೋದೆವು. ಒಟ್ಟು 400 ಎಸೆತಕ್ಕೆ ಬಿಳಿ 232. ಅರ್ಧಕ್ಕಿಂತ ಚೆನ್ನಾಗಿಯೇ ಜಾಸ್ತಿ. ಒಬ್ಬ ಹುಡುಗ ಎದ್ದು ನಿಂತು ಕೇಳಿದ: “ಸಾರ್, ಎರಡೇ ಮುಖ ಇರೋದು, ಅರ್ಧ ಅರ್ಧ ಆಗ್ಬೇಕಲ್ವಾ?”

ಆ ಪ್ರಶ್ನೆಗೋಸ್ಕರವೇ ನಾನು ಕಾಯುತ್ತಿದ್ದೆ. ಎರಡು ಮುಖ ಇದ್ದ ಮಾತ್ರಕ್ಕೆ ಅರ್ಧ ಅರ್ಧ ಆಗಬೇಕಾಗಿಲ್ಲ. ಎರಡೂ ಸಮವಾಗಿ ಬೀಳುವ ಹಾಗಿದ್ದರೆ ಮಾತ್ರ ಅರ್ಧ. ನಾಣ್ಯವನ್ನು ಹಾಗೆ ನಂಬಬಹುದು. ಕೈಯಲ್ಲಿ ಉಜ್ಜಿದ ಬೀಜವನ್ನು ಎಸೆದು ನೋಡಿಯೇ ತಿಳಿಯಬೇಕು.

ಇನ್ನೊಂದು ಸಂಗತಿ. ನಮ್ಮ ಕ್ಲಾಸಿನ ಒಂದು ಹುಡುಗಿಗೆ ‘ಕೈಗುಣ’ ಇದೆ ಅಂತ ಎಲ್ಲರೂ ನಂಬಿದ್ದರು, ಅವಳು ಎಸೆದರೆ ಎಂಟು ಬೀಳುತ್ತದೆ ಅಂತ. ಸರಿ, ನೋಡಿಯೇಬಿಡೋಣ ಅಂದೆ. ಕೈಯಿಂದ 60 ಸಲ ಎಸೆದಳು, ಎಂಟು ಒಂಬತ್ತು ಸಲ ಬಿತ್ತು. ಬೇರೆಯವರಿಗೆ ಅಷ್ಟು ಎಸೆತದಲ್ಲಿ ಎರಡೋ ಮೂರೋ. ಆಮೇಲೆ ಬೀಜಗಳನ್ನು ಸ್ಟೀಲ್ ಲೋಟಕ್ಕೆ ಹಾಕಿ ಕುಲುಕಿ ಎಸೆಯಲು ಹೇಳಿದೆ. 60 ಎಸೆತಕ್ಕೆ ಎರಡೇ ಸಲ. ಕ್ಲಾಸು ಸುಮ್ಮನಾಯಿತು. ಅವಳೇ ಮೆಲ್ಲಗೆ ಹೇಳಿದಳು: “ಸಾರ್, ನಾನು ಬಿಳಿ ಕೆಳಗೆ ಮಾಡಿ ಅಂಗೈಯಲ್ಲಿ ಜೋಡಿಸ್ಕೊಂಡು, ನೆಲದ ಹತ್ರದಿಂದ ಜಾರಿಸ್ತೀನಿ.” ನಾನು ಅವಳ ಬೆನ್ನು ತಟ್ಟಿದೆ. ಅವಳು ಹೇಳಿದ್ದರಿಂದ ಕೈಗುಣ ಬೇರೆ, ಕೈಚಳಕ ಬೇರೆ ಅಂತ ಇಡೀ ಕ್ಲಾಸಿಗೆ ಗೊತ್ತಾಯಿತು. ಆವತ್ತಿನಿಂದ ನಮ್ಮಲ್ಲಿ ಲೋಟ ಕಡ್ಡಾಯ.

ನಿಮ್ಮ ಕಡೆ ಏನು ಮಾಡುತ್ತೀರಿ, ಹೇಳಿ.

ತಿಪಟೂರು ಟೀಚರ್

ಸರ್, ಓದಿ ತುಂಬ ಖುಷಿಯಾಯಿತು. ಬರೆಸಿ ಮಡಚಿ ಇಟ್ಟುಕೊಳ್ಳುವುದು ನನಗೆ ಹೊಳೆದಿರಲಿಲ್ಲ, ನಾಳೆಯಿಂದ ನಾನೂ ಮಾಡುತ್ತೇನೆ.

ನಾನು ಏಳನೇ ಕ್ಲಾಸಿಗೆ ‘ಬಸ್ ಓಟ’ ಆಡಿಸುತ್ತೇನೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಹನ್ನೆರಡು ಸಾಲು. ಒಂದರಿಂದ ಹನ್ನೆರಡರ ತನಕ ನಂಬರ್ ಇರುವ ಬಸ್ಸುಗಳು, ಎಲ್ಲವೂ ತಿಪಟೂರು ಬಿಟ್ಟು ತುಮಕೂರು ಮುಟ್ಟಬೇಕು. ಬಸ್ಸಿಗೆ ಬಾಟಲಿ ಮುಚ್ಚಳ. ಎರಡು ದಾಳ ಒಟ್ಟಿಗೆ ಉರುಳಿಸಿ, ಕೂಡಿದಾಗ ಬಂದ ನಂಬರಿನ ಬಸ್ಸು ಒಂದು ಮನೆ ಮುಂದೆ. ಹತ್ತು ಮನೆ ಮೊದಲು ದಾಟಿದ ಬಸ್ಸು ಗೆದ್ದಂತೆ.

ಮೊದಲ ಆಟದಲ್ಲಿ ಮಕ್ಕಳು ತಮ್ಮ ಇಷ್ಟದ ನಂಬರ್ ಹಿಡಿಯುತ್ತಾರೆ. ಒಂದನೇ ಬಸ್ಸಿಗೆ ಯಾವಾಗಲೂ ಪೈಪೋಟಿ. ಆಟ ಶುರುವಾಗಿ ಸುಮಾರು ಹೊತ್ತಾದ ಮೇಲೆ ಆ ಮಗು ಮುಖ ಸಣ್ಣ ಮಾಡಿಕೊಂಡು “ಮಿಸ್, ನನ್ನ ಬಸ್ಸು ಸ್ಟ್ಯಾಂಡ್ ಬಿಟ್ಟೇ ಇಲ್ಲ” ಅನ್ನುತ್ತದೆ. ಪಕ್ಕದ ಮಗುವೇ ಹೇಳುತ್ತದೆ: “ಎರಡು ದಾಳ ಕೂಡಿದ್ರೆ ಒಂದು ಹೆಂಗೆ ಬರುತ್ತೆ?” ಸಾಧ್ಯವೇ ಇಲ್ಲದ ಘಟನೆಯ ಸಂಭವನೀಯತೆ ಸೊನ್ನೆ ಅನ್ನುವುದನ್ನು ಆ ಮಗು ಜನ್ಮದಲ್ಲಿ ಮರೆಯುವುದಿಲ್ಲ.

ಎರಡನೇ ಆಟಕ್ಕೆ ಎಲ್ಲರಿಗೂ ಏಳು ಬೇಕು, ಆರು ಬೇಕು, ಎಂಟು ಬೇಕು. ಯಾಕೆ ಅಂತ ಕೇಳಿ 36 ಮನೆಯ ಚೌಕ ಬರೆಸುತ್ತೇನೆ. ಏಳು ಬರಲು ಆರು ದಾರಿ. ಆರಕ್ಕೂ ಎಂಟಕ್ಕೂ ಐದೈದು. ಎರಡಕ್ಕೆ ಒಂದೇ, ಹನ್ನೆರಡಕ್ಕೂ ಒಂದೇ. ಆದರೂ ಕೆಲವು ಸಲ ಒಂಬತ್ತನೇ ಬಸ್ಸು ಗೆದ್ದುಬಿಡುತ್ತದೆ. ಅದನ್ನು ಮುಚ್ಚಿಡಬೇಡಿ. ಏಳಕ್ಕೆ ಚಾನ್ಸ್ ಜಾಸ್ತಿ ಅಂದರೆ ಏಳೇ ಗೆಲ್ಲುತ್ತದೆ ಅಂತ ಅಲ್ಲ ಅನ್ನುವುದನ್ನು ತೋರಿಸಲು ಅದಕ್ಕಿಂತ ಒಳ್ಳೆ ಗಳಿಗೆ ಸಿಗುವುದಿಲ್ಲ.

ಒಂದು ಎಚ್ಚರಿಕೆ. ದಾಳ ಸಾಲದೆ ಬಂದಾಗ ರಬ್ಬರ್ ಮೇಲೆ ಅಂಕಿ ಬರೆದು ಕೊಟ್ಟಿದ್ದೆ. ಉದ್ದ ರಬ್ಬರ್ ಆದ್ದರಿಂದ ಅಗಲದ ಮುಖಗಳೇ ಬೀಳುತ್ತಿದ್ದವು, ಲೆಕ್ಕವೆಲ್ಲ ಏರುಪೇರು. ಅದಕ್ಕಿಂತ ಒಂದೇ ಅಳತೆಯ ಚೀಟಿ ಮಡಚಿ ಡಬ್ಬಿಗೆ ಹಾಕಿ ತೆಗೆಸುವುದು ಮೇಲು. ತೆಗೆದ ಚೀಟಿ ಪ್ರತಿ ಸಲ ವಾಪಸ್ ಹಾಕಿಸಿ.

ಮಾಲೂರಿನಿಂದ ಒಬ್ಬ ತಂದೆ

ನಾನು ಮೇಷ್ಟ್ರಲ್ಲ. ಮಗಳು ಏಳನೇ ಕ್ಲಾಸು. ಬೇಜಾರು ಮಾಡಿಕೊಳ್ಳಬೇಡಿ, ಮನಸ್ಸಿನಲ್ಲಿದ್ದದ್ದು ಹೇಳುತ್ತೇನೆ.

ದಾಳ, ಕವಡೆ, ಬೀಜ, ಗೆಲುವು, ಸೋಲು. ಇದೆಲ್ಲ ಶಾಲೆಯಲ್ಲಿ ಬೇಕಾ? ನಮ್ಮ ಮನೆಯಲ್ಲಿ ಇದರ ಪೆಟ್ಟು ತಿಂದಿದ್ದೇವೆ. ನನ್ನ ತಮ್ಮ ಮೊಬೈಲಿನಲ್ಲಿ ಕ್ರಿಕೆಟ್ ಬೆಟ್ಟಿಂಗ್ ಶುರು ಮಾಡಿ ಟ್ರ್ಯಾಕ್ಟರ್ ಕಂತಿನ ದುಡ್ಡನ್ನೂ ಕಳೆದ. ಯುಗಾದಿ ಹೊಸತೊಡಕಿನ ಇಸ್ಪೀಟು ಒಂದು ದಿನದ್ದು, ಅದು ಬೇರೆ. ಇದು ದಿನಾ ಜೇಬಿನಲ್ಲೇ ಇರುತ್ತದೆ. ಮಕ್ಕಳಿಗೆ ದಾಳದ ರುಚಿ ಹತ್ತಿಸಬೇಡಿ ಅಂತ ನನ್ನ ಕೋರಿಕೆ.

ಗೌರಿಬಿದನೂರು, ನಿವೃತ್ತ ಶಿಕ್ಷಕ

ಮಾಲೂರಿನ ಅಣ್ಣನವರೇ, ನಿಮ್ಮ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಿಮ್ಮ ಮನೆಗೆ ಆದದ್ದು ಕೇಳಿ ನೋವಾಯಿತು. ಆದರೆ ನಿಮ್ಮ ತಮ್ಮನವರಿಗೆ ಹನ್ನೆರಡನೇ ವಯಸ್ಸಿನಲ್ಲಿ ಈ ಲೆಕ್ಕ ಯಾರಾದರೂ ಕೈಯಾರೆ ಮಾಡಿಸಿದ್ದರೆ ಒಳ್ಳೆಯದಾಗುತ್ತಿತ್ತು ಅಂತಲೇ ನನಗೆ ಅನಿಸುತ್ತದೆ.

ನಾನು ಎಂಟನೇ ಕ್ಲಾಸಿಗೆ ಮಾಡಿಸುತ್ತಿದ್ದ ಒಂದು ಆಟ ಹೇಳುತ್ತೇನೆ. ದುಡ್ಡಿಲ್ಲ, ಬರೀ ಹುಣಸೆ ಬೀಜ. ಗುಂಪಿನಲ್ಲಿ ಒಂದು ಮಗು ‘ಅಂಗಡಿ’. ಉಳಿದವರಿಗೆ ಇಪ್ಪತ್ತಿಪ್ಪತ್ತು ಬೀಜ. ಒಂದು ದಾಳ ಉರುಳಿಸಲು ಒಂದು ಬೀಜ ಕಟ್ಟಬೇಕು. ಆರು ಬಿದ್ದರೆ ಅಂಗಡಿ ಐದು ಬೀಜ ಕೊಡುತ್ತದೆ. ಕೇಳಿದ ತಕ್ಷಣ ಎಲ್ಲರಿಗೂ ಆಸೆ: ಒಂದಕ್ಕೆ ಐದು!

ಹತ್ತು ನಿಮಿಷ ಆಡಲಿ. ಒಬ್ಬ ಬೇಗ ಎರಡು ಆರು ಹೊಡೆದು ಕೂಗಾಡುತ್ತಾನೆ. ಎಲ್ಲರ ಕಣ್ಣೂ ಅವನ ಮೇಲೆ. ಬೀಜ ಖಾಲಿಯಾಗುತ್ತಿರುವ ಮಕ್ಕಳು ಸದ್ದು ಮಾಡುವುದಿಲ್ಲ. ಕೊನೆಗೆ ಎಲ್ಲರೂ ಎಣಿಸಬೇಕು. ಹೆಚ್ಚುಕಡಿಮೆ ಎಲ್ಲ ಗುಂಪಿನಲ್ಲೂ ಅಂಗಡಿಯ ಬುಟ್ಟಿ ತುಂಬಿರುತ್ತದೆ. ಆಮೇಲೆ ಬೋರ್ಡಿಗೆ ಬನ್ನಿ. 60 ಸಲ ಆಡಿದರೆ ಕಟ್ಟಿದ್ದು 60 ಬೀಜ. ಆರು ಬೀಳುವುದು ಹೆಚ್ಚುಕಡಿಮೆ 10 ಸಲ. ಬಂದದ್ದು 50. ಹೋದದ್ದು 10. ಜಾಸ್ತಿ ಆಡಿದಷ್ಟೂ ಜಾಸ್ತಿ ಹೋಗುತ್ತದೆ. ಅಂಗಡಿ ಮೋಸ ಮಾಡಬೇಕಾಗಿಯೇ ಇಲ್ಲ, ಆಟದ ನಿಯಮವೇ ಅದರ ಕಡೆಗಿದೆ. ಗೆದ್ದವನ ಕೂಗು ಕೇಳುತ್ತದೆ, ಸೋತವರ ಮೌನ ಕೇಳುವುದಿಲ್ಲ ಅಂತ ಒಂದು ಮಗು ತನ್ನ ಮಾತಿನಲ್ಲಿ ಹೇಳುವ ತನಕ ನಾನು ಮುಂದಿನ ಪಾಠಕ್ಕೆ ಹೋಗುತ್ತಿರಲಿಲ್ಲ.

ಕರ್ನಾಟಕದಲ್ಲಿ ಲಾಟರಿ 2007ರಲ್ಲಿ ನಿಂತಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಕಾನೂನು ಬೇಕು. ಆದರೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ ಅಲ್ವಾ? ಲೆಕ್ಕ ತಲೆಯಲ್ಲಿ ಕೂತರೆ ಎಲ್ಲ ಬಾಗಿಲಲ್ಲೂ ಜೊತೆಗಿರುತ್ತದೆ.

ಈ ಗಣಿತ ಹುಟ್ಟಿದ್ದೂ ಜೂಜಿನ ಪ್ರಶ್ನೆಯಿಂದಲೇ. ಅರ್ಧಕ್ಕೆ ನಿಂತ ಆಟದಲ್ಲಿ ಪಣದ ಹಣ ಹೇಗೆ ಹಂಚಬೇಕು ಅಂತ 1654ರಲ್ಲಿ ಫ್ರಾನ್ಸಿನ ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡರು. ಇವತ್ತು ಅದೇ ಲೆಕ್ಕ ಬೆಳೆ ವಿಮೆಗೆ, ಹವಾಮಾನಕ್ಕೆ, ಹೊಸ ಔಷಧಿಯ ಪರೀಕ್ಷೆಗೆ ಬೇಕು. ಜಗತ್ತೇ ಗೌರವಿಸಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರು ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. ಮಕ್ಕಳಿಗೆ ಇದನ್ನು ಹೇಳಿ, ಕಣ್ಣರಳಿಸಿ ಕೇಳುತ್ತಾರೆ.

ಕೋಲಾರ, ಬಿ.ಎಡ್. ಓದುತ್ತಿರುವವಳು

ಎಲ್ಲರಿಗೂ ನಮಸ್ತೆ. ನಾನು ಈಗ ಶಾಲೆಯೊಂದರಲ್ಲಿ ಬೋಧನಾಭ್ಯಾಸದಲ್ಲಿದ್ದೇನೆ. ನನಗಾದ ಒಂದು ಎಡವಟ್ಟು ಹೇಳುತ್ತೇನೆ, ದಾರಿ ತೋರಿಸಿ.

23 ಜನ ಇದ್ದರೆ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಚಾನ್ಸ್ ಅರ್ಧಕ್ಕಿಂತ ಜಾಸ್ತಿ. ಇದನ್ನು ಓದಿದಾಗ ನನಗೇ ಮೈ ಜುಮ್ಮೆಂದಿತ್ತು. ಮಕ್ಕಳಿಗೂ ಹಾಗೇ ಆಗಲಿ ಅಂತ ಹಾಜರಿ ಪುಸ್ತಕದಿಂದ 31 ಮಕ್ಕಳ ಜನ್ಮದಿನ ಬರೆದುಕೊಂಡು ಹೋದೆ. ಬೋರ್ಡಿನ ಮೇಲೆ ಬರೆಯುತ್ತಾ ಹೋದರೆ ಒಂಬತ್ತು ಮಕ್ಕಳದು ಜೂನ್ 1! ಮಕ್ಕಳು ನಗಲು ಶುರು ಮಾಡಿದರು. “ಮಿಸ್, ಅದು ಶಾಲೆಗೆ ಸೇರಿಸುವಾಗ ಹಾಕಿದ್ದು.” ನನ್ನ ಇಡೀ ಪಾಠ ಅಲ್ಲೇ ಕುಸಿಯಿತು. ಹಿಂದೆ ಕೂತಿದ್ದ ಮಾರ್ಗದರ್ಶಕರು ಏನೋ ಬರೆದುಕೊಳ್ಳುತ್ತಿದ್ದರು, ನನಗೆ ಅಳುವೇ ಬಂತು.

ಇನ್ನೊಂದು ಪ್ರಶ್ನೆ. ಸಂಭವನೀಯತೆ ಅನ್ನುವ ಪದವೇ ಮಕ್ಕಳ ಬಾಯಿಗೆ ಬರುವುದಿಲ್ಲ. ಮುಳಬಾಗಿಲು ಗಡಿ ಕಡೆಯ ಮಕ್ಕಳಿಗೆ ಇನ್ನೂ ಕಷ್ಟ. ಅದನ್ನು ಮೊದಲ ದಿನವೇ ಹೇಳಬೇಕಾ?

ತಿಪಟೂರು ಟೀಚರ್

ಅಯ್ಯೋ, ಅಳಬೇಡಮ್ಮಾ. ನಿಮ್ಮ ಪಾಠ ಕುಸಿಯಲಿಲ್ಲ. ಎಲ್ಲ ದಿನಗಳೂ ಸಮ ಅಂತ ಲೆಕ್ಕ ಅಂದುಕೊಂಡಿತ್ತು, ನಿಮ್ಮ ಹಾಜರಿ ಪುಸ್ತಕ ಹಾಗಲ್ಲ ಅಂತ ತೋರಿಸಿತು. ಚಿಂತಾಮಣಿ ಸರ್ ಅವರ ಹುಣಸೆ ಬೀಜದ ಕತೆಯೇ ಇದು. ಮುಂದಿನ ಸಲ ಇದನ್ನೇ ಬೇಕಂತ ಮಾಡಿ, ಯಾಕೆ ಹೀಗಾಯಿತು ಅಂತ ಮಕ್ಕಳಿಂದಲೇ ಹೇಳಿಸಿ.

ಹುಟ್ಟಿದ ದಿನದ ಬದಲು ಗಾಡಿ ನಂಬರ್ ತಗೊಳ್ಳಿ. ಶಾಲೆ ಮುಂದೆ ಹೋಗುವ ಬೈಕುಗಳ ಕೊನೆಯ ಎರಡು ಅಂಕಿ ಮಾತ್ರ. ಕೆಎ 07, ಕೆಎ 40, ಕೆಎ 06, ಯಾವ ಊರಿನದಾದರೂ ಸರಿ. 00ರಿಂದ 99ರ ತನಕ ನೂರು ಸಾಧ್ಯತೆ. ಎಷ್ಟು ಬೈಕ್ ನೋಡಿದರೆ ಎರಡರದ್ದು ಒಂದೇ ಬರುತ್ತದೆ ಅಂತ ಕೇಳಿದರೆ ಮಕ್ಕಳು ಐವತ್ತು ಅನ್ನುತ್ತಾರೆ. ಹದಿಮೂರು ಸಾಕು, ಅಷ್ಟಕ್ಕೇ ಚಾನ್ಸ್ ಅರ್ಧ ದಾಟುತ್ತದೆ. 25 ಬೈಕಿಗೆ ನೂರಕ್ಕೆ 96ರಷ್ಟು. ಗೇಟಿನ ಒಳಗೇ ನಿಲ್ಲಿಸಿ ಬರೆಸಿ, ರಸ್ತೆಗೆ ಬಿಡಬೇಡಿ.

ಪದದ ವಿಷಯಕ್ಕೆ: ನಾನು ಮೊದಲ ವಾರ ‘ಚಾನ್ಸ್’ ಅಂತಲೇ ಹೇಳುತ್ತೇನೆ. ಆಗೋದೇ ಇಲ್ಲ, ಆಗೋದು ಕಷ್ಟ, ಅರ್ಧಂಬರ್ಧ, ಆಗಬಹುದು, ಆಗೇ ಆಗುತ್ತೆ. ಗೋಡೆಯಿಂದ ಗೋಡೆಗೆ ಒಂದು ಹಗ್ಗ ಕಟ್ಟಿ, ಒಂದು ತುದಿಗೆ 0, ಇನ್ನೊಂದಕ್ಕೆ 1 ಅಂತ ಬರೆದು, ಬಟ್ಟೆ ಕ್ಲಿಪ್ಪಿನಲ್ಲಿ ಚೀಟಿ ಸಿಕ್ಕಿಸುತ್ತೇವೆ. ಚೀಟಿ ಮಕ್ಕಳದ್ದೇ. ‘ನಾಳೆ ಸೂರ್ಯ ಹುಟ್ಟುತ್ತಾನೆ.’ ‘ಇವತ್ತು ಸಂಜೆ ಮಳೆ ಬರುತ್ತೆ.’ ಹೋದ ಸಲ ಒಬ್ಬಳು ‘ನಮ್ಮೂರಿನ ಬೆಳಗಿನ ಬಸ್ಸು ಟೈಮಿಗೆ ಬರುತ್ತೆ’ ಅಂತ ಬರೆದು ಸೊನ್ನೆಯ ಪಕ್ಕದಲ್ಲೇ ಸಿಕ್ಕಿಸಿದಳು. ಸರಿ, ಒಂದು ತಿಂಗಳು ಬರೆದಿಡು ಅಂದೆ. 24 ದಿನದಲ್ಲಿ 15 ದಿನ ಹತ್ತು ನಿಮಿಷದೊಳಗೆ ಬಂದಿತ್ತು. ಅವಳೇ ಹೋಗಿ ಕ್ಲಿಪ್ ತೆಗೆದು ಅರ್ಧ ದಾಟಿಸಿ ಸಿಕ್ಕಿಸಿದಳು. ಬಸ್ಸು ತಪ್ಪಿದ ದಿನಗಳಷ್ಟೇ ಅವಳ ನೆನಪಿನಲ್ಲಿ ಉಳಿದಿದ್ದವು. ‘ಸಂಭವನೀಯತೆ’ ಪದವನ್ನು ನಾನು ಬೋರ್ಡಿನ ಮೇಲೆ ಬರೆದದ್ದು ಆ ದಿನ.

ಇದಕ್ಕೆ ಸೇರಿದ ಇನ್ನೊಂದು ಮಾತು. ಬಿಸಿಯೂಟದಲ್ಲಿ ಮೊಟ್ಟೆ ಯಾರಿಗೆ, ಬಾಳೆಹಣ್ಣು ಯಾರಿಗೆ ಅಂತ ಎಣಿಸಿ ಲೆಕ್ಕ ಮಾಡಿಸುವವರಿದ್ದಾರೆ. ದಯವಿಟ್ಟು ಬೇಡ. ಮನೆ, ಜಾತಿ ಎಲ್ಲ ಅಲ್ಲಿಗೆ ಬಂದು ನಿಲ್ಲುತ್ತದೆ, ಮಗು ಕುಗ್ಗುತ್ತದೆ. ನಡೆದು ಬರುವವರು ಎಷ್ಟು, ಸೈಕಲ್ಲಿನಲ್ಲಿ ಬರುವವರು ಎಷ್ಟು ಅಂತ ಕೇಳಿದರೂ ಲೆಕ್ಕ ಅದೇ.

ಶಿಡ್ಲಘಟ್ಟ, ಪ್ರೌಢಶಾಲಾ ಶಿಕ್ಷಕ

ನಮ್ಮಪ್ಪ ರೀಲರ್, ಅಂದರೆ ರೇಷ್ಮೆ ಗೂಡಿನಿಂದ ನೂಲು ತೆಗೆಯುವವರು. ಚಿಕ್ಕಂದಿನಲ್ಲಿ ಅವರ ಜೊತೆ ಗೂಡಿನ ಮಾರುಕಟ್ಟೆಗೆ ಹೋಗುತ್ತಿದ್ದೆ. ಲಾಟಿನ (ಮಾರಾಟಕ್ಕಿಟ್ಟ ಗೂಡಿನ ರಾಶಿಯ) ಮೇಲಿನ ಗೂಡು ನೋಡಿ ಅವರು ಯಾವತ್ತೂ ಬೆಲೆ ಕಟ್ಟಿದವರಲ್ಲ. ಕೈಯನ್ನು ಅಡಿಗೆ ತೂರಿಸಿ ಒಂದು ಹಿಡಿ ತೆಗೆದು, ಅದುಮಿ, ಕಿವಿ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ಒಂದು ಹಿಡಿಯಿಂದ ಇಡೀ ಲಾಟನ್ನು ಅಂದಾಜು ಮಾಡಬೇಕು, ಆದರೆ ಹಿಡಿ ಎಲ್ಲಿಂದ ಬಂತು ಅನ್ನುವುದೂ ಮುಖ್ಯ. ಮಾದರಿ (ಸ್ಯಾಂಪಲ್) ಅಂದರೆ ಇದೇ ಅಂತ ಕಾಲೇಜಿಗೆ ಹೋದ ಮೇಲೆ ಗೊತ್ತಾಯಿತು.

ಅದನ್ನೇ ಕ್ಲಾಸಿಗೆ ತಂದಿದ್ದೇನೆ. ಬಳೆ ಅಂಗಡಿಯಿಂದ ಒಂದೇ ಅಳತೆಯ ಕೆಂಪು, ನೀಲಿ ಮಣಿ. ಖಾಲಿ ನೀರಿನ ಬಾಟಲಿಗೆ ಹತ್ತು ಮಣಿ ಹಾಕಿ, ಕತ್ತಿನ ಭಾಗ ಬಿಟ್ಟು ಪೂರ್ತಿ ಪೇಪರ್ ಸುತ್ತಬೇಕು. ಒಳಗೆ ಎಷ್ಟು ಕೆಂಪು ಅಂತ ಯಾರಿಗೂ ಹೇಳಬಾರದು. ಕುಲುಕಿ, ತಲೆಕೆಳಗೆ ಮಾಡಿದರೆ ಮುಚ್ಚಳದ ಹತ್ತಿರ ಒಂದು ಮಣಿ ಕಾಣುತ್ತದೆ. ಬರೆದುಕೊಳ್ಳಿ, ಮತ್ತೆ ಕುಲುಕಿ. ಹತ್ತು ಸಲಕ್ಕೆ ಕೇಳಿದರೆ ಒಬ್ಬರು ಐದು ಕೆಂಪು ಅನ್ನುತ್ತಾರೆ, ಇನ್ನೊಬ್ಬರು ಒಂದು. ನೂರು ಸಲ ಆದಾಗ ಕೆಂಪು 31 ಬಂದಿರುತ್ತದೆ. ಆಗ “ಮೂರೇ ಇರಬೇಕು” ಅಂತ ಶುರುವಾಗುತ್ತದೆ. “ನಾಲ್ಕೂ ಇರಬಹುದಲ್ವಾ?” ಅಂತ ಇನ್ನೊಬ್ಬ. ಆ ವಾದ ಕೇಳುವುದೇ ಚೆಂದ.

ಮೊದಲ ವರ್ಷ ಅವರೆಕಾಳು, ಹುರುಳಿಕಾಳು ಹಾಕಿ ಕೆಟ್ಟೆ. ಸಣ್ಣ ಕಾಳು ಬೇಗ ಜಾರಿ ಮುಂದೆ ಬರುತ್ತದೆ. ಅಳತೆ ಒಂದೇ ಇರಲಿ. ಗುಲಗಂಜಿ ಮಾತ್ರ ತರಬೇಡಿ, ನೋಡಲು ಚೆಂದ, ಆದರೆ ವಿಷ.

ಒಂದು ನಿಯಮ ಇಟ್ಟುಕೊಂಡಿದ್ದೇನೆ: ಬಾಟಲಿ ಬಿಚ್ಚುವುದಿಲ್ಲ. ಮಳೆ, ರೋಗ, ಮಾರುಕಟ್ಟೆ ಯಾವುದನ್ನೂ ನಾವು ಬಿಚ್ಚಿ ನೋಡಲು ಆಗುವುದಿಲ್ಲವಲ್ಲ.

ಗೌರಿಬಿದನೂರು, ನಿವೃತ್ತ ಶಿಕ್ಷಕ

ಸರ್, ಆಟ ತುಂಬ ಚೆನ್ನಾಗಿದೆ. ಆದರೆ ಬಿಚ್ಚುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ದೊಡ್ಡವರಿಗೆ ಅದು ಸರಿ. ಹನ್ನೆರಡು ವರ್ಷದ ಮಗು ನೂರು ಸಲ ಕುಲುಕಿ ಬರೆದಿದೆ, ತನ್ನ ಲೆಕ್ಕ ನಿಜಕ್ಕೆ ಎಷ್ಟು ಹತ್ತಿರ ಬಂತು ಅಂತ ಒಂದು ಸಲವಾದರೂ ಕಣ್ಣಾರೆ ನೋಡಬೇಕು. ಆ ನಂಬಿಕೆ ಬಂದ ಮೇಲೆ ಮುಚ್ಚಿದ ಬಾಟಲಿ ಕೊಡಿ. ಆರು ಬಾಟಲಿ ಇದ್ದರೆ ಎರಡನ್ನು ಬಿಚ್ಚಿ, ನಾಲ್ಕನ್ನು ಹಾಗೇ ಇಡಿ.

ಸುಮ್ನೆ ನಂಬು ಅಂತ ಹೇಳುವುದು ನಮ್ಮ ತಾಲ್ಲೂಕಿನವರಿಗೆ ಹೇಗೂ ಒಗ್ಗುವುದಿಲ್ಲ. ಇಲ್ಲಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದ್ದರು.

ಶಿಡ್ಲಘಟ್ಟ, ಪ್ರೌಢಶಾಲಾ ಶಿಕ್ಷಕ

ಒಪ್ಪಿದೆ ಸರ್. ಎರಡು ಬಿಚ್ಚುತ್ತೇನೆ.

ಚಿಂತಾಮಣಿ ಕಡೆ ಗಣಿತ ಮೇಷ್ಟ್ರು

ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಬಸ್ ಓಟ ನಿನ್ನೆಯೇ ಆಡಿಸಿದೆ, ಒಂದನೇ ಬಸ್ಸಿಗೆ ಮೂವರು ಕಿತ್ತಾಡಿದರು!

ಈಗ ಒಂದು ಕಷ್ಟದ ವಿಷಯ. ‘ನಾಣ್ಯಕ್ಕೆ ನೆನಪಿಲ್ಲ’ ಅಂತ ಮೊನ್ನೆ ಪಾಠ ಮಾಡಿದೆ. ಅರ್ಧ ಕ್ಲಾಸು ನಿಜವಾಗಿ 50 ಸಲ ನಾಣ್ಯ ಚಿಮ್ಮಿ ಬರೆಯಬೇಕು, ಉಳಿದರ್ಧ ಚಿಮ್ಮದೆ ಮನಸ್ಸಿನಿಂದಲೇ ಬರೆಯಬೇಕು. ಯಾರು ಯಾವುದು ಮಾಡಿದರು ಅಂತ ನಾನು ಹಾಳೆ ನೋಡಿ ಹೇಳಿದೆ. ಹೆಚ್ಚಿನವು ಸರಿಯಾದವು, ಮಕ್ಕಳು ಬೆರಗಾದರು. ಗುಟ್ಟು ಇಷ್ಟೇ: ನಿಜವಾಗಿ ಚಿಮ್ಮಿದ ಹಾಳೆಯಲ್ಲಿ ಸಾಮಾನ್ಯವಾಗಿ ಎಲ್ಲಾದರೂ ಒಂದೇ ಸಮನೆ ಐದು ಹೆಡ್ ಅಥವಾ ಐದು ಟೇಲ್ ಇರುತ್ತದೆ. ಮನಸ್ಸಿನಿಂದ ಬರೆದವರು ಮೂರಾದ ತಕ್ಷಣ ಬದಲಾಯಿಸುತ್ತಾರೆ. ಐದು ಹೆಡ್ ಬಿದ್ದ ಮೇಲೂ ಆರನೇದಕ್ಕೆ ಅರ್ಧ ಅರ್ಧವೇ.

ಪೀರಿಯಡ್ ಮುಗಿದ ಮೇಲೆ ಒಬ್ಬ ಹುಡುಗ ಹಿಂದೆಯೇ ಉಳಿದ. ಕ್ಲಾಸಿನಲ್ಲಿ ಮಾತಾಡುವವನೇ ಅಲ್ಲ. ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದ. “ಸಾರ್, ನಮ್ಮ ತೋಟದಲ್ಲಿ ನಾಲ್ಕು ಬೋರ್ ಫೇಲಾಗಿದೆ. ಐದನೇದು ಬಿದ್ದೇ ಬೀಳುತ್ತೆ ಅಂತ ನಮ್ಮಪ್ಪ ಸಾಲಕ್ಕೆ ಓಡಾಡ್ತಿದಾರೆ. ಬೋರಿಗೂ ನೆನಪಿರಲ್ವಾ?”

ನನಗೆ ತಕ್ಷಣ ಬಾಯಿ ಬರಲಿಲ್ಲ. ನಮ್ಮ ಕಡೆ ಬೋರ್ ಅಂದರೆ ಸಾವಿರ ಅಡಿ ದಾಟುವ ಮಾತು. ಹೌದು ಅಂದರೂ ತಪ್ಪು, ಇಲ್ಲ ಅಂದರೂ ತಪ್ಪು ಅನಿಸಿತು. ನಾಳೆ ಹೇಳುತ್ತೇನೆ ಅಂದಿದ್ದೇನೆ. ಏನು ಹೇಳಲಿ?

ಬಾಗೇಪಲ್ಲಿ, ವಿಜ್ಞಾನ ಟೀಚರ್

ಸರ್, ಓದಿ ಕಣ್ಣು ತುಂಬಿತು. ನಮ್ಮ ಮನೆಯಲ್ಲೂ ಇದೇ ಆಗಿದೆ.

ಆ ಹುಡುಗ ಕೇಳಿದ್ದು ತುಂಬ ಸರಿಯಾದ ಪ್ರಶ್ನೆ. ಬೋರು ನಾಣ್ಯದ ಹಾಗಲ್ಲ. ನಾಣ್ಯದಲ್ಲಿ ಒಂದು ಎಸೆತಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಒಂದೇ ತೋಟದ ನಾಲ್ಕು ಬೋರಿನ ಅಡಿಯಲ್ಲಿರುವುದು ಒಂದೇ ಕಲ್ಲು. ನಮ್ಮ ಜಿಲ್ಲೆಗಳದ್ದು ಗಟ್ಟಿ ಕಲ್ಲಿನ ನೆಲ. ನೀರು ಇರುವುದು ಆ ಕಲ್ಲಿನ ಬಿರುಕುಗಳಲ್ಲಿ. ನಾಲ್ಕು ಕಡೆ ಬಿರುಕು ಸಿಗಲಿಲ್ಲ ಅಂದರೆ ಆ ನೆಲದಲ್ಲಿ ಬಿರುಕು ಕಡಿಮೆ ಅನ್ನುವ ಅನುಮಾನ ಜಾಸ್ತಿಯಾಗಬೇಕು. ಹಾಗಾಗಿ ಐದನೇದರ ಚಾನ್ಸ್ ಏರುವುದಿಲ್ಲ, ಇಳಿಯುತ್ತದೆ.

ಶಿಡ್ಲಘಟ್ಟ ಸರ್ ಬಾಟಲಿಯಿಂದಲೇ ಇದನ್ನು ತೋರಿಸಬಹುದು. ಬಾಟಲಿಯಲ್ಲಿ ಎಷ್ಟು ಕೆಂಪು ಇದೆ ಅಂತ ಗೊತ್ತಿಲ್ಲ. ನಾಲ್ಕು ಸಲವೂ ನೀಲಿಯೇ ಬಂದರೆ “ಈಗ ಕೆಂಪು ಬಂದೇ ಬರುತ್ತೆ” ಅನ್ನುತ್ತೀರೋ, “ಇದರಲ್ಲಿ ಕೆಂಪು ಕಡಿಮೆ ಇರಬೇಕು” ಅನ್ನುತ್ತೀರೋ? ಮಕ್ಕಳು ಎರಡನೇದನ್ನೇ ಹೇಳುತ್ತಾರೆ. ಒಳಗೆ ಏನಿದೆ ಅಂತ ಮೊದಲೇ ಗೊತ್ತಿದ್ದರೆ ಹಿಂದಿನ ಎಸೆತದಿಂದ ಕಲಿಯುವುದು ಏನೂ ಇಲ್ಲ. ಗೊತ್ತಿಲ್ಲದಿದ್ದರೆ ಪ್ರತಿ ಎಸೆತವೂ ಏನೋ ಹೇಳುತ್ತದೆ.

ತೆಂಗಿನಕಾಯಿ ಹಿಡಿದು ನೀರು ತೋರಿಸುವವರ ಮಾತೂ ಬರಬಹುದು. ಬೈಯಬೇಡಿ. ಅವರು ಹೇಳಿದ ಕಡೆ ಕೊರೆದದ್ದು ಎಷ್ಟು, ನೀರು ಬಂದದ್ದು ಎಷ್ಟು. ಕೇಳದೆ ಕೊರೆದದ್ದು ಎಷ್ಟು, ಬಂದದ್ದು ಎಷ್ಟು. ಎರಡೂ ಬರೆಯಲು ಹೇಳಿ. ಬಂದ ಬೋರಿನ ಕತೆ ಊರೆಲ್ಲ ಹರಡುತ್ತದೆ, ಬರದೇ ಇದ್ದದ್ದನ್ನು ಯಾರೂ ಎಣಿಸುವುದಿಲ್ಲ.

ಒಂದೇ ಬಿನ್ನಹ: ಇದನ್ನು ಕ್ಲಾಸಿನ ಎದುರು ಅವನ ಮನೆ ವಿಷಯ ಅಂತ ಮಾಡಬೇಡಿ.

ಮಾಲೂರಿನಿಂದ ಒಬ್ಬ ತಂದೆ

ಎಲ್ಲವನ್ನೂ ಓದಿದೆ. ನಿವೃತ್ತ ಮೇಷ್ಟ್ರು ಹೇಳಿದ ಅಂಗಡಿ ಆಟವನ್ನು ಭಾನುವಾರ ಮಗಳ ಜೊತೆ ಆಡಿದೆ. ನಾನೇ ಅಂಗಡಿ. ಅವಳು ಇಪ್ಪತ್ತೈದನೇ ಸಲಕ್ಕೆ ಖಾಲಿ. ಆಮೇಲೆ ತಮ್ಮನನ್ನೂ ಕರೆದು ಕೂರಿಸಿದೆ. ಅವನು ಆಡಲಿಲ್ಲ, ಬೀಜ ಎಣಿಸಿದ. ಮಗಳು ಅವನಿಗೆ 60, 50, 10 ಅಂತ ಲೆಕ್ಕ ಹೇಳಿದಳು. ಅವನು ಏನೂ ಮಾತಾಡಲಿಲ್ಲ, ಅವಳ ತಲೆ ಸವರಿದ.

ನಾನು ಬರೆದ ಕೋರಿಕೆ ವಾಪಸ್ ತೆಗೆದುಕೊಂಡಿದ್ದೇನೆ. ಆದರೆ ದುಡ್ಡು ಮಾತ್ರ ಆಟಕ್ಕೆ ತರಬೇಡಿ, ಒಂದು ರೂಪಾಯಿ ಕೂಡ.

ಕೋಲಾರ, ಬಿ.ಎಡ್. ಓದುತ್ತಿರುವವಳು

ಬೈಕ್ ನಂಬರ್ ಮಾಡಿಸಿದೆ! ಒಂಬತ್ತನೇ ಬೈಕಿಗೇ ಹಿಂದಿನ ಒಂದರ ಕೊನೆಯ ಎರಡು ಅಂಕಿ ಮತ್ತೆ ಬಂತು, ಮಕ್ಕಳು ಕುಣಿದಾಡಿದರು. ಪಕ್ಕದ ಸೆಕ್ಷನ್‌ನಲ್ಲಿ ಹದಿನೆಂಟರ ತನಕ ಕಾಯಬೇಕಾಯಿತು. ಎರಡನ್ನೂ ಬೋರ್ಡಿನ ಮೇಲೆ ಬರೆದೆ.

ಎರಡು ನಾಣ್ಯದ ವಿಷಯದಲ್ಲಿ ಮಾತ್ರ ಸಿಕ್ಕಿಹಾಕಿಕೊಂಡಿದ್ದೇನೆ. ಎರಡೂ ಹೆಡ್, ಎರಡೂ ಟೇಲ್, ಒಂದೊಂದು. ಮೂರು ಫಲಿತ, ಹಾಗಾಗಿ ಪ್ರತಿಯೊಂದಕ್ಕೂ 1/3 ಅಂತ ಮಕ್ಕಳು ಪಟ್ಟು ಹಿಡಿದಿದ್ದಾರೆ.

ತಿಪಟೂರು ಟೀಚರ್

ಒಂದು ರೂಪಾಯಿಯದು ಒಂದು, ಐದು ರೂಪಾಯಿಯದು ಒಂದು ಕೊಡಿ. ಒಂದರ ಹೆಡ್ ಐದರ ಟೇಲ್ ಬೇರೆ, ಒಂದರ ಟೇಲ್ ಐದರ ಹೆಡ್ ಬೇರೆ ಅಂತ ಕಣ್ಣಿಗೆ ಕಾಣುತ್ತದೆ. ನಾಲ್ಕು ದಾರಿ ಅಂತ ಅವರೇ ಹೇಳುತ್ತಾರೆ. ಮೊದಲು ಗುಂಪಿಗೆ 40 ಸಲ ಚಿಮ್ಮಿಸಿ, ಒಂದೊಂದು ಬಂದದ್ದು ಅರ್ಧದ ಹತ್ತಿರ ಇರುವುದನ್ನು ನೋಡಲಿ. ಅಣಕಿಸಬೇಡಿ, ಇದೇ ಬಗೆಯ ತಪ್ಪನ್ನು ಡಾಲಂಬೇರ್ ಅನ್ನುವ ದೊಡ್ಡ ಗಣಿತಜ್ಞರೇ ಮಾಡಿದ್ದರು. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಂದಾದರೂ ಹೆಡ್ ಬರುವ ಚಾನ್ಸ್ ಮೂರರಲ್ಲಿ ಎರಡು ಅಂತ 1754ರಲ್ಲಿ ಬರೆದಿದ್ದರು. ಸರಿಯಾದದ್ದು ನಾಲ್ಕರಲ್ಲಿ ಮೂರು. ಮಕ್ಕಳಿಗೆ ಇದನ್ನು ಹೇಳಿದರೆ ಧೈರ್ಯ ಬರುತ್ತದೆ.

ಚಿಮ್ಮಿ ಬೇಸರವಾದರೆ ಕೆರಿಚ್ ಅನ್ನುವ ಗಣಿತಜ್ಞರ ಕತೆ ಹೇಳಿ. ಎರಡನೇ ಮಹಾಯುದ್ಧದಲ್ಲಿ ಡೆನ್ಮಾರ್ಕಿನಲ್ಲಿ ಸೆರೆಯಲ್ಲಿದ್ದಾಗ ಅವರು 10,000 ಸಲ ನಾಣ್ಯ ಚಿಮ್ಮಿದರು. ಹೆಡ್ ಬಂದದ್ದು 5,067.

ಚಿಂತಾಮಣಿ ಕಡೆ ಗಣಿತ ಮೇಷ್ಟ್ರು

ಬಾಗೇಪಲ್ಲಿ ಮೇಡಂ ಹೇಳಿದ ಹಾಗೆಯೇ ಮಾಡಿದೆ. ಹುಡುಗನನ್ನು ಸಂಜೆ ಜಗಲಿ ಮೇಲೆ ಕೂರಿಸಿಕೊಂಡು ಬಾಟಲಿ ಕೊಟ್ಟೆ. ಒಳಗೆ ಏನಿದೆ ಅಂತ ಹೇಳಲಿಲ್ಲ. ನಾಲ್ಕು ಸಲ ನೀಲಿ ಬಂತು. ಸ್ವಲ್ಪ ಹೊತ್ತು ಬಾಟಲಿಯನ್ನೇ ನೋಡುತ್ತಿದ್ದ. “ಇದ್ರಲ್ಲಿ ಕೆಂಪು ಕಮ್ಮಿ ಇರ್ಬೇಕು ಸಾರ್” ಅಂದ. ಆಮೇಲೆ, ನಾನು ಏನೂ ಹೇಳದೆಯೇ, “ಬೋರೂ ಇದೇ ಥರನಾ?” ಅಂದ.

ಮರುದಿನದಿಂದ ಅವನೇ ಒಂದು ನೋಟ್‌ಬುಕ್ ಮಾಡಿದ. ಸುತ್ತಮುತ್ತಲ ತೋಟಗಳಲ್ಲಿ ಮೂರು ವರ್ಷದಲ್ಲಿ ಕೊರೆದ ಬೋರು ಎಷ್ಟು, ಎಷ್ಟು ಅಡಿ, ನೀರು ಬಂತಾ, ಈಗಲೂ ಇದೆಯಾ. ಹನ್ನೊಂದು ಬೋರು, ನೀರು ಬಂದದ್ದು ಮೂರರಲ್ಲಿ. ಆ ಮೂರೂ ಕೆರೆಯ ಕೆಳಗಿನ ಕಡೆಯವು. ಇದನ್ನು ಅವನು ಚಿತ್ರ ಬರೆದು ತೋರಿಸಿದಾಗ ನಾನೇ ಎರಡು ಸಲ ನೋಡಿದೆ.

ಶನಿವಾರ ಅವರಪ್ಪ ಶಾಲೆಗೆ ಬಂದಿದ್ದರು. ನೋಟ್‌ಬುಕ್ ಅವರ ಕೈಯಲ್ಲೇ ಇತ್ತು. ಕೊರೆಸಬೇಡಿ ಅಂತ ನಾನು ಹೇಳಲಿಲ್ಲ, ಅದು ಅವರ ಹೊಲ, ಅವರ ತೀರ್ಮಾನ. ಕೊರೆಸುವ ಮುಂಚೆ ಅಂತರ್ಜಲ ಇಲಾಖೆಯವರ ಹತ್ತಿರ ಒಂದು ಸಲ ತೋರಿಸಿ ಅಂದೆ. ಆಗಲಿ ಅಂದರು. ಹೋಗುವಾಗ ಮಗನನ್ನು ಕರೆದು, “ಈ ಏಳನೇ ಬೋರು ಯಾರ್ದೋ, ಎಷ್ಟು ಅಡಿ ಅಂದೆ?” ಅಂತ ಕೇಳುತ್ತಾ ಗೇಟಿನ ತನಕ ನಡೆದರು.

ಶಿಡ್ಲಘಟ್ಟ ಸರ್, ಈ ವಾರ ಎಲ್ಲ ಗುಂಪಿಗೂ ಬಾಟಲಿ ಕೊಡುತ್ತಿದ್ದೇನೆ. ಮಣಿ ತಂದಾಗಿದೆ, ಕೆಂಪು 30, ನೀಲಿ 50. ಬಿಚ್ಚುವ ಎರಡು ಬಾಟಲಿ ಯಾವುದು ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು ಅಂತ ಮಕ್ಕಳೇ ಹೇಳಿದ್ದಾರೆ. ಆದಮೇಲೆ ಫಲಿತಾಂಶ ಇಲ್ಲೇ ಹಾಕುತ್ತೇನೆ.